ಆಕಾಶದಿಂದ ಊರಿನ ದೂಳು ಅಳೆಯುವ ಲೆಕ್ಕ

ಚಳಿಗಾಲ ಬಂತೆಂದರೆ ನಗರಗಳ ನಕ್ಷೆಗೆ ಹಸಿರು, ಹಳದಿ, ಕೆಂಪು ಬಳಿದ ‘ಉಪಗ್ರಹ ಕಂಡ ಪಿಎಂ 2.5’ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡತೊಡಗುತ್ತವೆ. ಪಿಎಂ 2.5 ಎಂದರೆ ಗಾಳಿಯಲ್ಲಿ ತೇಲುವ, 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು. ಮೇಲಿರುವ ಯಾವುದೋ ಯಂತ್ರ ನಮ್ಮ ಬೀದಿಯ ಗಾಳಿಯನ್ನು ನೇರವಾಗಿ ಅಳೆದುಬಿಟ್ಟಿದೆ ಎಂದೇ ನೋಡಿದವರಿಗೆ ಅನ್ನಿಸುತ್ತದೆ. ಹಾಗಿಲ್ಲ. ಉಪಗ್ರಹಕ್ಕೆ ಸಿಗುವುದು ಸುಮಾರು 700 ಕಿಲೋಮೀಟರ್ ಎತ್ತರದಿಂದ ಕಂಡ ಹೊಳಪು ಮಾತ್ರ. ಆ ಹೊಳಪಿನಿಂದ ‘ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ’ ಎಂಬ ಅಂಕಿಗೆ ಇಳಿಯುವಷ್ಟರಲ್ಲಿ ಮೂರು ಅಂದಾಜುಗಳನ್ನು ದಾಟಬೇಕು: ನೆಲ ತಾನೇ ಎಷ್ಟು ಹೊಳೆಯುತ್ತಿತ್ತು, ಕಣಗಳು ಎಷ್ಟು ಎತ್ತರದವರೆಗೆ ಹರಡಿದ್ದವು, ಅವು ಎಷ್ಟು ನೀರು ಹೀರಿದ್ದವು. ಈ ಮೂರರಲ್ಲಿ ಯಾವುದು ಹೆಚ್ಚುಕಡಿಮೆಯಾದರೂ ನಕ್ಷೆಯ ಬಣ್ಣ ಬದಲಾಗುತ್ತದೆ.

ಮೊದಲು ನೆಲದ ಮೇಲಿನ ಅಳತೆ ನೋಡೋಣ, ಯಾಕೆಂದರೆ ಉಪಗ್ರಹದ ಅಂಕಿಯನ್ನು ಕೊನೆಗೆ ಹೋಲಿಸುವುದು ಅದರೊಂದಿಗೇ. ಪೀಣ್ಯ, ಹೆಬ್ಬಾಳ, ಜಯನಗರ 5ನೇ ಬ್ಲಾಕ್, ಸಿಲ್ಕ್ ಬೋರ್ಡ್‌ಗಳಲ್ಲಿ ಇರುವಂಥ ನಿರಂತರ ಮಾಪನ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೂರಿಸುವುದು ಬೀಟಾ ಅಟೆನ್ಯುಯೇಶನ್ ಮಾನಿಟರ್, ಬಾಯಿಮಾತಿನಲ್ಲಿ ಬ್ಯಾಮ್. ಅದು ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುತ್ತದೆ. ಅಂದರೆ ಗಂಟೆಗೆ ಸರಿಯಾಗಿ ಒಂದು ಘನ ಮೀಟರ್. ಬಾಯಲ್ಲಿರುವ, ಗಾಳಿಯನ್ನು ಸುತ್ತಿಸುವ ಸೈಕ್ಲೋನ್ ಎಂಬ ಭಾಗ 2.5 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳನ್ನು ಬೇರ್ಪಡಿಸುತ್ತದೆ, ಉಳಿದವು ಗಾಜಿನ ನಾರಿನ ಟೇಪಿನ ಮೇಲೆ ಒಂದು ಬೂದು ಚುಕ್ಕೆಯಾಗಿ ಕೂರುತ್ತವೆ. ಕಾರ್ಬನ್-14ರಿಂದ ಹೊರಡುವ ಬೀಟಾ ಕಿರಣ ಆ ಚುಕ್ಕೆಯನ್ನು ದಾಟುವಾಗ ಎಷ್ಟು ಕುಗ್ಗಿತು ಎಂಬುದರಿಂದ ತೂಕ ಸಿಗುತ್ತದೆ. ಒಳಬರುವ ಗಾಳಿಯನ್ನು ಸ್ವಲ್ಪ ಕಾಯಿಸಿ ತೇವಾಂಶ ಇಳಿಸುವುದೂ ಉಂಟು. ಈ ಮಾತು ನೆನಪಿರಲಿ: ನೆಲದ ಯಂತ್ರ ತೂಗುವುದು ಒಣಗಿಸಿದ ಕಣವನ್ನು. ಭಾರತದ ಮಾನದಂಡದಲ್ಲಿ ಪಿಎಂ 2.5ರ ದಿನದ ಮಿತಿ 60 ಮೈಕ್ರೋಗ್ರಾಂ, ವರ್ಷದ ಸರಾಸರಿಗೆ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಗಳನ್ನು 15 ಮತ್ತು 5ಕ್ಕೆ ಇಳಿಸಿತು.

ಉಪಗ್ರಹದ ಕಡೆಯ ಅಳತೆಗೆ ಹೆಸರು ಏರೋಸಾಲ್ ಆಪ್ಟಿಕಲ್ ಡೆಪ್ತ್, ಚಿಕ್ಕದಾಗಿ ಎಒಡಿ. ನೆಲದಿಂದ ವಾಯುಮಂಡಲದ ತುದಿಯವರೆಗಿನ ಇಡೀ ಗಾಳಿಕಂಬದಲ್ಲಿ ಇರುವ ಕಣಗಳೆಲ್ಲ ಸೇರಿ ನೇರ ಬೆಳಕನ್ನು ಎಷ್ಟು ತಡೆಯುತ್ತವೆ ಎಂಬ ಲೆಕ್ಕ ಅದು. ಇದಕ್ಕೆ ಮಾನ ಇಲ್ಲ, ಬರೀ ಸಂಖ್ಯೆ. ನೆತ್ತಿಯ ಮೇಲಿಂದ ಬರುವ ಬೆಳಕಿಗೆ ಎಒಡಿ 0.1 ಇದ್ದರೆ ಆಕಾಶ ಶುಭ್ರ, 0.3 ಇದ್ದರೆ ನೇರ ಬೆಳಕಿನಲ್ಲಿ ಶೇ 26 ಕಳೆದುಹೋಗುತ್ತದೆ. 1 ಇದ್ದರೆ ನೆಲ ಮುಟ್ಟುವುದು ಶೇ 37 ಮಾತ್ರ. ಕಳೆದುಹೋದ ಬೆಳಕೆಲ್ಲ ನಾಶವಾಗುವುದಿಲ್ಲ. ಬಹುಪಾಲು ಚದುರುತ್ತದೆ, ಅದರಲ್ಲಿ ಒಂದು ಸಣ್ಣ ಪಾಲು ಹಿಂದಕ್ಕೆ ಬಾನಿಗೇ ಮರಳುತ್ತದೆ. ಕ್ಯಾಮೆರಾ ಹಿಡಿಯುವುದು ಆ ಪಾಲನ್ನು.

ಕಷ್ಟ ಇರುವುದು ಇಲ್ಲೇ. ಕ್ಯಾಮೆರಾಕ್ಕೆ ಬರುವ ಬೆಳಕಿನಲ್ಲಿ ಕಣಗಳದ್ದು ಒಂದು ಭಾಗ, ಶುದ್ಧ ಗಾಳಿಯ ಅಣುಗಳದ್ದು ಇನ್ನೊಂದು, ನೆಲದ್ದು ಮತ್ತೊಂದು. ಅಣುಗಳ ಪಾಲನ್ನು ಸೂತ್ರ ಹಾಕಿ ಕಳೆಯಬಹುದು: 550 ನ್ಯಾನೋಮೀಟರ್ ತರಂಗಾಂತರದಲ್ಲಿ ಸಮುದ್ರಮಟ್ಟದಲ್ಲಿ, ಎಒಡಿಯಂತೆಯೇ ಅಳೆದರೆ, ಅದು ಸುಮಾರು 0.097. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡ ಹತ್ತಿರಹತ್ತಿರ ಶೇ 10 ಕಡಿಮೆ, ಆ ಪಾಲೂ ಅಷ್ಟೇ ಕಡಿಮೆ. ನೆಲದ ಪಾಲು ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಸಗಣಿ ಸಾರಿಸಿದ ಅಂಗಳದಲ್ಲಿ ಚೆಲ್ಲಿದ ರಂಗೋಲಿ ಪುಡಿ ಎದ್ದು ಕಾಣುತ್ತದೆ, ಬಿಳಿ ಟೈಲ್ಸಿನ ಮೇಲೆ ಬಿದ್ದರೆ ಹುಡುಕಬೇಕು. ಕಣಗಳೂ ಹಾಗೆಯೇ, ಕಾಡು ಮತ್ತು ಹಸಿರು ಹೊಲಗಳ ಮೇಲೆ ಚೆನ್ನಾಗಿ ಕಾಣುತ್ತವೆ, ಕಾಂಕ್ರೀಟಿನ ಮೇಲೆ ಮಸುಕಾಗುತ್ತವೆ. ನೆಲ ಒಂದು ಹದಕ್ಕೆ ಹೊಳೆಯುತ್ತಿದ್ದರೆ ಕಣಗಳು ಎಷ್ಟು ಹೆಚ್ಚಿದರೂ ಮೇಲಿಂದ ಕಾಣುವ ಹೊಳಪು ಬದಲಾಗುವುದೇ ಇಲ್ಲ: ಅವು ಚದುರಿಸಿ ಕೂಡಿಸಿದಷ್ಟನ್ನೇ ಹೀರಿ, ತಡೆದು ಕಳೆದಿರುತ್ತವೆ.

ಅಂಕಿ ಹಾಕಿ ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ನೆಲದ ಪ್ರತಿಫಲನವನ್ನು 0.01ರಷ್ಟು, ಅಂದರೆ ನೂರರಲ್ಲಿ ಒಂದು ಪಾಲು, ತಪ್ಪಾಗಿ ಅಂದಾಜಿಸಿದರೆ ಎಒಡಿ ಸುಮಾರು 0.1ರಷ್ಟು ತಪ್ಪುತ್ತದೆ. ಮುಂದೆ ಮಾಡಲಿರುವ ಲೆಕ್ಕದ ಪ್ರಕಾರ, ಕಣಗಳು ಒಂದು ಕಿಲೋಮೀಟರ್ ಎತ್ತರದವರೆಗೆ ಹರಡಿದ್ದ ದಿನ 0.1 ಎಂದರೆ 25 ಮೈಕ್ರೋಗ್ರಾಂ. ಒಂದು ಬಡಾವಣೆಯ ಮಾಳಿಗೆಗಳಿಗೆಲ್ಲ ಬಿಳಿ ಕೂಲಿಂಗ್ ಪೇಂಟ್ ಬಳಿದರೆ ಸಾಕು, ಅದು ಗೊತ್ತಿಲ್ಲದ ಲೆಕ್ಕಕ್ಕೆ ಅಲ್ಲಿನ ಗಾಳಿ ಕೆಟ್ಟಂತೆ ಕಾಣುತ್ತದೆ.

ನೆಲವನ್ನು ಕಳೆಯಲು ಹಳೆಯ ದಾರಿ ಡಾರ್ಕ್ ಟಾರ್ಗೆಟ್. 2.1 ಮೈಕ್ರೋಮೀಟರ್ ತರಂಗಾಂತರದ ಬೆಳಕಿಗೆ ಹೊಗೆಯಂಥ ಸಣ್ಣ ಕಣಗಳು ಅಡ್ಡಬರುವುದು ತೀರಾ ಕಡಿಮೆ, ಹಾಗಾಗಿ ಅಲ್ಲಿ ಕಾಣುವುದು ಹೆಚ್ಚೂಕಡಿಮೆ ಬರೀ ನೆಲ. ಗಿಡಮರಗಳ ಮೇಲೆ ಕೆಂಪು ಬೆಳಕಿನ ಪ್ರತಿಫಲನ ಅದರ ಅರ್ಧ, ನೀಲಿಯದು ಕಾಲುಭಾಗ ಎಂಬ ಅನುಭವದ ಸೂತ್ರದಿಂದ ನೆಲದ ಪಾಲನ್ನು ಊಹಿಸುತ್ತಾರೆ. ಡಾಂಬರು, ಸಿಮೆಂಟು, ತಗಡಿಗೆ ಈ ಅರ್ಧ-ಕಾಲು ಹೊಂದುವುದಿಲ್ಲ. ಹೀಗಾಗಿ ನಗರಗಳ ಮೇಲೆ ಡಾರ್ಕ್ ಟಾರ್ಗೆಟ್ ಎಒಡಿ ವರ್ಷಗಟ್ಟಲೆ ನಿಜಕ್ಕಿಂತ ಹೆಚ್ಚಾಗಿಯೇ ಬರುತ್ತಿತ್ತು; ನಂತರದ ಆವೃತ್ತಿಯಲ್ಲಿ ನಗರಕ್ಕೆಂದೇ ತಿದ್ದುಪಡಿ ಸೇರಿಸಿದರು.

ನಗರದ ಕೆಲಸಕ್ಕೆ ಈಗ ಹೆಚ್ಚಿನವರು ಹಿಡಿಯುವುದು ಮಯಾಕ್ ಎಂಬ ಲೆಕ್ಕವನ್ನು. ನಾಸಾದ ಟೆರ್ರಾ (1999) ಮತ್ತು ಆಕ್ವಾ (2002) ಉಪಗ್ರಹಗಳಲ್ಲಿರುವ ಮೋಡಿಸ್ ಕ್ಯಾಮೆರಾದ ಚಿತ್ರಗಳನ್ನು ಅದು ಒಂದು ಕಿಲೋಮೀಟರ್ ಚೌಕಗಳಿಗೆ ಹಂಚಿ, ಒಂದೇ ಚೌಕವನ್ನು 16 ದಿನಗಳವರೆಗೆ ಬೇರೆಬೇರೆ ಕೋನಗಳಿಂದ ನೋಡುತ್ತದೆ. ನೆಲ ನಿಧಾನ ಬದಲಾಗುತ್ತದೆ, ಗಾಳಿ ದಿನದಿನಕ್ಕೂ ಬದಲಾಗುತ್ತದೆ ಎಂಬುದೇ ಅದರ ಕೀಲಿ. ಬೆಂಗಳೂರಿನ ಅಂಚಿನಲ್ಲಿ ಈ ಕೀಲಿ ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ. ತೋಟ ಕಡಿದು ಲೇಔಟ್ ಮಾಡುವಾಗ ಹಸಿರು ನೆಲ ವಾರದೊಳಗೆ ಕೆಂಪು ಮಣ್ಣಾಗುತ್ತದೆ. ಬೆಳ್ಳಂದೂರು, ವರ್ತೂರಿನಂಥ ಕೆರೆಗಳಲ್ಲಿ ಜೊಂಡು ಹಬ್ಬಿದಾಗ ನೀರು ಹಸಿರಾಗುತ್ತದೆ, ತೆಗೆದಾಗ ಮತ್ತೆ ಕಪ್ಪು. ಲೆಕ್ಕ ಹೊಸ ನೆಲವನ್ನು ಕಲಿತುಕೊಳ್ಳುವವರೆಗೆ ಆ ಚೌಕದ ಎಒಡಿಯನ್ನು ನಂಬಬೇಡಿ. ಕೆರೆ ಮತ್ತು ಕೆರೆ ಅಂಚಿನ ಚೌಕಗಳನ್ನು ಮೊದಲೇ ಕೈಬಿಡುವುದು ಒಳ್ಳೆಯದು.

ಕಡತ ಇಳಿಸಿಕೊಳ್ಳುವವರಿಗೆ ಕೆಲವು ವಿವರ. ಮಯಾಕ್ ದತ್ತಾಂಶದ ಹೆಸರು ಎಂಸಿಡಿ19ಎ2, ಉಚಿತವಾಗಿ ಸಿಗುತ್ತದೆ. ಭೂಮಿಯನ್ನು ತುಂಡು ಮಾಡಿರುವ ಜಾಲದಲ್ಲಿ ಬೆಂಗಳೂರು ಎಚ್25ವಿ07 ತುಂಡಿನಲ್ಲಿದೆ, ದೆಹಲಿ ಎಚ್24ವಿ06ರಲ್ಲಿ. ಒಂದು ತುಂಡಿನಲ್ಲಿ 1200 ಅಡ್ಡ, 1200 ಉದ್ದ ಚೌಕಗಳು. ದಿನಕ್ಕೆ ಒಂದು ಕಡತ, ಅದರೊಳಗೆ ಆ ದಿನ ಹಾದುಹೋದ ಪ್ರತಿ ಸುತ್ತಿಗೂ ಒಂದು ಪದರ. 550 ನ್ಯಾನೋಮೀಟರ್ ಪದರದಲ್ಲಿ 312 ಎಂದಿದ್ದರೆ 0.001ರಿಂದ ಗುಣಿಸಿ 0.312 ಎಂದು ಓದಬೇಕು. ಅಳತೆ ಇಲ್ಲದ ಕಡೆ ‘-28672’ ಎಂದು ತುಂಬಿರುತ್ತಾರೆ. ಇದನ್ನು ತೆಗೆಯದೆ ಸರಾಸರಿ ಮಾಡಿದರೆ ಉತ್ತರ ಋಣಾತ್ಮಕವಾಗುತ್ತದೆ. ಪೂರ್ತಿ ಋಣಾತ್ಮಕವಾದರೆ ತಕ್ಷಣ ಕಣ್ಣಿಗೆ ಬೀಳುತ್ತದೆ, ನೆರೆಯ ಚೌಕಗಳ ಜತೆ ಬೆರೆಸಿ ಮರುಜೋಡಿಸಿದಾಗ ಮಾತ್ರ ಅಂಚುಗಳಲ್ಲಿ ಸ್ವಲ್ಪಸ್ವಲ್ಪ ಕಡಿಮೆಯಾಗಿ ಕದ್ದು ಕೂರುತ್ತದೆ. ಗುಣಮಟ್ಟದ ಪದರದಲ್ಲಿ 8ರಿಂದ 11ರವರೆಗಿನ ಬಿಟ್‌ಗಳೆಲ್ಲ ಸೊನ್ನೆ ಇದ್ದರೆ ಮಾತ್ರ ಅತ್ಯುತ್ತಮ ಅಳತೆ. ಇನ್ನೊಂದು ಎಚ್ಚರ: ‘ಒಂದು ಕಿಲೋಮೀಟರ್’ ಎಂಬುದು ಉಪಗ್ರಹ ನೆತ್ತಿಯ ಮೇಲಿದ್ದಾಗಿನ ಮಾತು. ಮೋಡಿಸ್ ಒಮ್ಮೆಗೆ 2330 ಕಿಲೋಮೀಟರ್ ಅಗಲ ನೋಡುತ್ತದೆ. ಅಂಚಿನಲ್ಲಿ ಒಂದು ಪಿಕ್ಸೆಲ್ ಹಿಗ್ಗಿ ಸುಮಾರು 2 ಕಿಲೋಮೀಟರಿಗೆ 5 ಕಿಲೋಮೀಟರ್ ಆಗುತ್ತದೆ. ಅಂಥ ದಿನ ಜಯನಗರ, ಬಿಟಿಎಂ ಲೇಔಟ್ ಎರಡಕ್ಕೂ ಒಂದೇ ಅಳತೆ.

ಈಗ ಎಒಡಿಯಿಂದ ಮೈಕ್ರೋಗ್ರಾಮಿಗೆ. ಮೊದಲ ಹಂತದ ಲೆಕ್ಕ ಸರಳ: ಎಒಡಿಯನ್ನು ಮೂರು ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಿ. ಒಂದು, ಕಣಗಳು ಬೆರೆತಿರುವ ಪದರದ ಎತ್ತರ, ಮೀಟರುಗಳಲ್ಲಿ. ಎರಡು, ಒಂದು ಗ್ರಾಂ ಒಣ ಕಣ ತಡೆಯುವ ಬೆಳಕು; ನಗರದ ಸಣ್ಣ ಕಣಗಳಿಗೆ ಗ್ರಾಮಿಗೆ ಸುಮಾರು 4 ಚದರ ಮೀಟರ್ ಎಂದಿಟ್ಟುಕೊಳ್ಳಿ. ಮೂರು, ತೇವದಿಂದ ಕಣ ಉಬ್ಬಿದಾಗ ಆ ತಡೆ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದು.

ಎಒಡಿ 0.3 ಇರಲಿ. ಪದರ 1000 ಮೀಟರ್, ಗಾಳಿ ಒಣ: 75 ಮೈಕ್ರೋಗ್ರಾಂ. ಅದೇ ಎಒಡಿ, ಪದರ 1500 ಮೀಟರ್: 50. ಅದರ ಜತೆಗೆ ತೇವದಿಂದ ತಡೆ ಒಂದೂವರೆ ಪಟ್ಟಾಗಿದ್ದರೆ: 33. ಪದರ 300 ಮೀಟರಿಗೆ ಕುಸಿದು ಗಾಳಿ ಒಣಗಿದ್ದರೆ: 250. ಉಪಗ್ರಹ ಕಂಡದ್ದು ನಾಲ್ಕು ಸಲವೂ ಒಂದೇ ಹೊಳಪು. ಕಾನೂನಿನ ಮಿತಿಯೊಳಗೆ ಇದ್ದೇವೋ, ಅದರ ನಾಲ್ಕು ಪಟ್ಟು ದಾಟಿದ್ದೇವೋ ಎಂಬುದನ್ನು ತೀರ್ಮಾನಿಸಿದ್ದು ಹವಾಮಾನದ ಅಂಕಿಗಳು.

ದೆಹಲಿಯಲ್ಲಿ ಇದು ಕಣ್ಣಿಗೆ ರಾಚುತ್ತದೆ. ಅಲ್ಲಿ ಜೂನ್-ಜುಲೈ ತಿಂಗಳಲ್ಲೂ ಎಒಡಿ ಏರಿಯೇ ಇರುತ್ತದೆ: ಥಾರ್ ಕಡೆಯ ದೂಳು ಎತ್ತರದಲ್ಲಿ ತೇಲುತ್ತಿರುತ್ತದೆ, ಮುಂಗಾರಿನ ತೇವ ಕುಡಿದ ಕಣಗಳು ಉಬ್ಬಿರುತ್ತವೆ. ಆದರೆ ನೆಲದ ಪಿಎಂ 2.5 ವರ್ಷದಲ್ಲೇ ಕಡಿಮೆ ಇರುವುದು ಜುಲೈ-ಆಗಸ್ಟ್‌ನಲ್ಲಿ, ಉತ್ತುಂಗಕ್ಕೇರುವುದು ನವೆಂಬರ್‌ನಿಂದ ಜನವರಿಯ ನಡುವೆ. ಬೇಸಿಗೆಯ ಮಧ್ಯಾಹ್ನ ಎರಡು-ಮೂರು ಕಿಲೋಮೀಟರ್ ಎತ್ತರಕ್ಕೆ ಏಳುವ ಬೆರಕೆ ಪದರ ಜನವರಿಯ ರಾತ್ರಿ ಒಂದೆರಡು ನೂರು ಮೀಟರಿಗೆ ಇಳಿಯುತ್ತದೆ. ಬರೀ ಎಒಡಿ ನಕ್ಷೆ ಹಿಡಿದು ‘ಯಾವ ತಿಂಗಳು ಗಾಳಿ ಕೆಟ್ಟದ್ದು’ ಎಂದು ಕೇಳಿದರೆ ತಪ್ಪು ತಿಂಗಳು ಬರುವ ಸಾಧ್ಯತೆಯೇ ಹೆಚ್ಚು. ಸಾಮಾಜಿಕ ಜಾಲತಾಣಗಳಲ್ಲಿ ಓಡಾಡುವ ಚಿತ್ರಗಳಲ್ಲಿ ಎಷ್ಟೋ ಇಂಥವೇ: ಕೆಳಗೆ ಪಿಎಂ 2.5 ಎಂದು ಬರೆದಿರುತ್ತದೆ, ಒಳಗಿರುವುದು ಎಒಡಿ.

ಎತ್ತರ, ತೇವಗಳ ಅಂಕಿ ಎಲ್ಲಿಂದ ತರುವುದು? ಒಂದು ದಾರಿ ವಾಯುಮಂಡಲದ ರಾಸಾಯನಿಕ ಮಾದರಿ. ಜಿಯೋಸ್-ಕೆಮ್‌ನಂಥ ಮಾದರಿ ತನ್ನೊಳಗೇ ಎಒಡಿ ಮತ್ತು ಪಿಎಂ 2.5 ಎರಡನ್ನೂ ಲೆಕ್ಕ ಹಾಕುತ್ತದೆ; ಅವುಗಳ ಅನುಪಾತವನ್ನು ಎತ್ತಿಕೊಂಡು ಉಪಗ್ರಹದ ಎಒಡಿಗೆ ಗುಣಿಸುತ್ತಾರೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸುವ ಜಾಗತಿಕ ನಕ್ಷೆಗಳ ಬುನಾದಿ ಇದು. ಐಐಟಿ ದೆಹಲಿಯ ಸಗ್ನಿಕ್ ಡೇ ಅವರ ತಂಡ 2000ದಿಂದ 2019ರವರೆಗಿನ ಭಾರತದ ಪಿಎಂ 2.5 ಅನ್ನು ಒಂದು ಕಿಲೋಮೀಟರ್ ಚೌಕಗಳಲ್ಲಿ ಕಟ್ಟಿದಾಗ ಮಯಾಕ್ ಎಒಡಿಗೆ ಮೆರ್ರಾ-2 ಎಂಬ ಮರುವಿಶ್ಲೇಷಣೆಯ (ಹಳೆಯ ಅಳತೆಗಳನ್ನು ಮಾದರಿಯೊಳಗೆ ಬೆಸೆದು ಮತ್ತೆ ಕಟ್ಟಿದ ಹವಾಮಾನ ದಾಖಲೆಯ) ಅನುಪಾತ ಹಾಕಿ, ನೆಲದ ಕೇಂದ್ರಗಳೊಂದಿಗೆ ತಾಳೆ ಮಾಡಿ ತಿದ್ದಿತು. ಈ ತಿದ್ದುವಿಕೆ ಬೇಕೇ ಬೇಕು. ಮೆರ್ರಾ-2ರ ಕಣಗಳ ಪಟ್ಟಿಯಲ್ಲಿ ನೈಟ್ರೇಟ್ ಇಲ್ಲ, ಉತ್ತರ ಭಾರತದ ಚಳಿಗಾಲದ ಕಣಗಳಲ್ಲೋ ನೈಟ್ರೇಟ್ ಧಾರಾಳ.

ಇನ್ನೊಂದು ದಾರಿ ಅಂಕಿಅಂಶದ್ದು. ನೆಲದ ಕೇಂದ್ರದ ಪಿಎಂ 2.5 ಅನ್ನು ಉತ್ತರವಾಗಿಟ್ಟು, ಎಒಡಿ, ಪದರದ ಎತ್ತರ, ತೇವಾಂಶ, ಗಾಳಿಯ ವೇಗ, ರಸ್ತೆಗಳ ಸಾಂದ್ರತೆ, ಹಸಿರು ಸೂಚ್ಯಂಕ ಎಲ್ಲವನ್ನೂ ಕೊಟ್ಟು, ಉದಾಹರಣೆಗಳಿಂದ ತಾನೇ ಸೂತ್ರ ಕಂಡುಕೊಳ್ಳುವ ರ‍್ಯಾಂಡಮ್ ಫಾರೆಸ್ಟ್‌ನಂಥ ಮಾದರಿಗೆ ಕಲಿಸುವುದು. ಕಲಿಸುವ ಮೊದಲು ಕೇಂದ್ರದ ಅಂಕಿಗಳನ್ನು ತೊಳೆಯಬೇಕು. ಗಂಟೆಗಟ್ಟಲೆ ಒಂದೇ ಅಂಕಿ ಪುನರಾವರ್ತನೆಯಾಗಿದ್ದರೆ ಟೇಪ್ ಮುಗಿದಿದೆ ಅಥವಾ ಸಂಪರ್ಕ ಕಡಿದಿದೆ. ಪಿಎಂ 2.5, ಪಿಎಂ 10ಕ್ಕಿಂತ (10 ಮೈಕ್ರೋಮೀಟರಿನವರೆಗಿನ ಕಣಗಳೆಲ್ಲ ಸೇರಿದ ಅಳತೆಗಿಂತ) ಹೆಚ್ಚು ಬಂದಿದ್ದರೆ ಎರಡರಲ್ಲೊಂದು ಯಂತ್ರ ಸುಳ್ಳು ಹೇಳುತ್ತಿದೆ. ಸೈಕ್ಲೋನ್ ಕಟ್ಟಿಕೊಂಡಿರಬಹುದು, ಗಾಳಿ ಸೋರುತ್ತಿರಬಹುದು. ಕೇಂದ್ರ ಇರುವ ಜಾಗವನ್ನೂ ನೋಡಿ: ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಪಕ್ಕದ ಅಂಕಿ ಆ ಜಂಕ್ಷನ್ನಿನದೇ ಹೊರತು ಸುತ್ತಲಿನ ಒಂದು ಚದರ ಕಿಲೋಮೀಟರಿನದಲ್ಲ.

ಇಂಥ ಮಾದರಿಗಳ ವರದಿಯಲ್ಲಿ ಮೊದಲು ಹುಡುಕಬೇಕಾದ್ದು ಪರೀಕ್ಷೆ ಮಾಡಿದ ರೀತಿ. ಎಲ್ಲ ದಿನಗಳನ್ನೂ ಕಲಸಿ, ಹತ್ತರಲ್ಲಿ ಒಂದು ಭಾಗವನ್ನು ಪಕ್ಕಕ್ಕಿಟ್ಟು ಪರೀಕ್ಷಿಸಿದರೆ ಫಲಿತಾಂಶ ಬೆರಗು ಹುಟ್ಟಿಸುವಷ್ಟು ಚೆನ್ನಾಗಿ ಬರುತ್ತದೆ, ಯಾಕೆಂದರೆ ಅದೇ ಕೇಂದ್ರದ ಹಿಂದಿನ, ಮುಂದಿನ ದಿನಗಳನ್ನು ಮಾದರಿ ಆಗಲೇ ನೋಡಿರುತ್ತದೆ. ಒಂದು ಕೇಂದ್ರವನ್ನೇ ಪೂರ್ತಿ ಮುಚ್ಚಿಟ್ಟು ಅಲ್ಲಿಯ ಅಂಕಿ ಊಹಿಸಲು ಹೇಳಬೇಕು. ಕೇಂದ್ರವೇ ಇಲ್ಲದ ಬಡಾವಣೆಗೆ ಉತ್ತರ ಕೊಡುವುದು ತಾನೇ ಇದರ ಕೆಲಸ? ಇನ್ನೊಂದು ಮರೆಯ ಸಂಗತಿ: ಪದರದ ಎತ್ತರಕ್ಕೆ ಬಹುತೇಕರು ಬಳಸುವ, ಮೆರ್ರಾ-2ರಂಥದೇ ಮರುವಿಶ್ಲೇಷಣೆಯಾದ ಇಆರ್‌ಎ5 ದತ್ತಾಂಶದ ಚೌಕ ಕಾಲು ಡಿಗ್ರಿ, ಸುಮಾರು 28 ಕಿಲೋಮೀಟರ್. ಇಡೀ ಬೆಂಗಳೂರು ಬೆರಳೆಣಿಕೆಯ ಚೌಕಗಳಲ್ಲಿ ಮುಗಿದುಹೋಗುತ್ತದೆ. ಎಒಡಿ ಸಿಗದ ದಿನಗಳನ್ನೂ ತುಂಬಿಸಿ 100 ಮೀಟರ್ ವಿವರದ ನಕ್ಷೆ ತೋರಿಸಿದರೆ, ಅದರಲ್ಲಿರುವ ಸೂಕ್ಷ್ಮ ವಿವರ ಬಹುಮಟ್ಟಿಗೆ ರಸ್ತೆ ನಕ್ಷೆಯದೇ, ಬಣ್ಣ ಬದಲಾಗಿರುತ್ತದೆ ಅಷ್ಟೆ.

ದಿನಗಳು ತಪ್ಪಿಹೋಗುವುದರಲ್ಲೂ ಪಕ್ಷಪಾತವಿದೆ. ಮೋಡವಿದ್ದರೆ ಎಒಡಿ ಇಲ್ಲ. ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಳತೆ ಸಿಗುವುದೇ ಅಪರೂಪ, ಮಳೆ ತೊಳೆದ ಶುದ್ಧ ದಿನಗಳು ಲೆಕ್ಕಕ್ಕೆ ಬರುವುದಿಲ್ಲ, ಸಿಕ್ಕ ದಿನಗಳ ಸರಾಸರಿಯನ್ನೇ ವರ್ಷದ್ದೆಂದು ಕರೆದರೆ ಅದು ನಿಜಕ್ಕಿಂತ ಹೆಚ್ಚು. ದೆಹಲಿಯಲ್ಲಿ ತಿರುವುಮುರುವು: ದಟ್ಟ ಹೊಗೆಮಂಜನ್ನು ಲೆಕ್ಕ ಮೋಡವೆಂದು ಬಗೆದು ಎತ್ತಿಹಾಕುತ್ತದೆ, ಅತಿ ಕೆಟ್ಟ ದಿನಗಳೇ ಕಾಣೆಯಾಗಿ ಸರಾಸರಿ ತಗ್ಗುತ್ತದೆ. ಅದಕ್ಕೇ ಮೊದಲು ತಿಂಗಳ ಸರಾಸರಿ ತೆಗೆದು, ಆಮೇಲೆ ಹನ್ನೆರಡನ್ನೂ ಸಮತೂಕದಲ್ಲಿ ಕೂಡಿಸುವುದು ಕನಿಷ್ಠ ಶಿಸ್ತು.

ಹೊತ್ತಿನ ತೊಡಕು ಬೇರೆ. ಟೆರ್ರಾ ಬಹುಕಾಲ ಬೆಳಿಗ್ಗೆ 10.30ರ ಆಸುಪಾಸಿನಲ್ಲಿ, ಆಕ್ವಾ ಮಧ್ಯಾಹ್ನ 1.30ಕ್ಕೆ ಹಾದುಹೋಗುತ್ತಿದ್ದವು, ಎರಡಕ್ಕೂ ವಯಸ್ಸಾಗಿ ಈಗ ಆ ಹೊತ್ತು ಜಾರುತ್ತಿದೆ, ವೀರ್ಸ್ ಕ್ಯಾಮೆರಾದ ಹೊಸ ಉಪಗ್ರಹಗಳು ಜಾಗ ತುಂಬುತ್ತಿವೆ. ಮಧ್ಯಾಹ್ನವೆಂದರೆ ಪದರ ಎತ್ತರಕ್ಕೆದ್ದು ನೆಲದ ಪಿಎಂ ದಿನದಲ್ಲೇ ತಗ್ಗಿರುವ ಹೊತ್ತು. ದೀಪಾವಳಿಯ ರಾತ್ರಿಯ ಪಟಾಕಿ ಹೊಗೆ ಈ ಕ್ಯಾಮೆರಾಗಳಿಗೆ ಸಿಗುವುದೇ ಇಲ್ಲ, ಸಿಕ್ಕಿದರೆ ಮರುದಿನದ ಉಳಿಕೆ ಮಾತ್ರ. ಪಂಜಾಬ್, ಹರಿಯಾಣಗಳ ಕೂಳೆ ಬೆಂಕಿ ಎಣಿಸುವವರಿಗೂ ಇದೇ ಪೆಟ್ಟು ಬಿದ್ದಿದೆ: 2024ರಲ್ಲಿ ಮಧ್ಯಾಹ್ನದ ಉಪಗ್ರಹಗಳ ಎಣಿಕೆ ಇಳಿದಿತ್ತು, ಬೆಂಕಿ ಹಚ್ಚುವ ಹೊತ್ತು ಸಂಜೆಯತ್ತ ಸರಿದಿರುವುದು ಕಂಡದ್ದು ಭೂಮಿಯ ಒಂದೇ ಜಾಗದ ಮೇಲೆ ನಿಂತಂತಿರುವ ದಕ್ಷಿಣ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರಗಳಲ್ಲಿ. ನಮ್ಮ ಇನ್ಸಾಟ್-3ಡಿ ಸರಣಿಯೂ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತು ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ; ಆದರೆ ಕಣ್ಣಿಗೆ ಕಾಣುವ ಬೆಳಕಿಗೆ ಅದರಲ್ಲಿರುವುದು ಒಂದೇ ಅಗಲದ ಪಟ್ಟಿ. ನೀಲಿ, ಕೆಂಪು ಹೋಲಿಸಿ ಇದು ಹೊಗೆಯೋ ಮರಳುದೂಳೋ ಎಂದು ಹೇಳಲು ಅದಕ್ಕೆ ಆಗದು.

ತೀರಾ ಸೂಕ್ಷ್ಮ ಚಿತ್ರಗಳಿಂದ ನೇರವಾಗಿ ಪಿಎಂ ಊಹಿಸುವ ಪ್ರಯತ್ನಗಳೂ ನಡೆದಿವೆ. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಬೀಜಿಂಗ್‌ನ, ನಂತರ ದೆಹಲಿಯ ಮೇಲೆ ಪ್ಲಾನೆಟ್ ಕಂಪನಿಯ 3 ಮೀಟರ್ ವಿವರದ ಚಿತ್ರಗಳನ್ನು ನ್ಯೂರಲ್ ನೆಟ್‌ವರ್ಕ್‌ಗೆ ಕೊಟ್ಟು, ಕೆಲವು ನೂರು ಮೀಟರ್ ಚೌಕಗಳ ಪಿಎಂ 2.5 ಅಂದಾಜಿಸಿದರು. ಮಬ್ಬು ಹೆಚ್ಚಿದಂತೆ ಕಟ್ಟಡದ ಅಂಚು, ನೆರಳುಗಳ ಗಡಸು ಕರಗುತ್ತದೆ, ಮಾದರಿ ಅದನ್ನು ಓದುತ್ತದೆ. ಅಪಾಯ ಇರುವುದೂ ನೆರಳಲ್ಲೇ. ಚಳಿಗಾಲದಲ್ಲಿ ನೆರಳು ಉದ್ದ, ಪಿಎಂ ಹೆಚ್ಚು. ಮಾದರಿ ಮಬ್ಬಿನ ಬದಲು ಋತುವನ್ನು ಕಲಿತುಬಿಡಬಹುದು. ಒಂದೇ ತಿಂಗಳೊಳಗಿನ ಒಳ್ಳೆಯ, ಕೆಟ್ಟ ದಿನಗಳನ್ನು ಅದು ಬೇರ್ಪಡಿಸುತ್ತದೆಯೇ ಎಂದು ಪರೀಕ್ಷಿಸಿದರೆ ನಿಜ ಹೊರಬೀಳುತ್ತದೆ.

ಇಷ್ಟೆಲ್ಲ ಇದ್ದರೂ ಈ ನಕ್ಷೆಗಳಿಗೆ ಬೆಲೆಯಿದೆ, ಅದು ಉದ್ದನೆಯ ಕಾಲಕ್ಕೆ ಮತ್ತು ಅಗಲವಾದ ಜಾಗಕ್ಕೆ. ಒಂದು ದಿನದ, ಒಂದು ಚೌಕದ ಎಒಡಿಯಲ್ಲಿ 0.05ರ ಜತೆಗೆ ಶೇ 15ರಷ್ಟು ತಪ್ಪು ಮಾಮೂಲಿ; ಕಾನ್ಪುರ ಐಐಟಿಯಲ್ಲಿ 2001ರಿಂದ ಸೂರ್ಯನನ್ನೇ ನೋಡುತ್ತಿರುವಂಥ ಫೋಟೋಮೀಟರ್‌ಗಳ ತಪ್ಪು 0.01ರಿಂದ 0.02 ಅಷ್ಟೆ, ಹೋಲಿಕೆಗೆ ಅವೇ ಒರೆಗಲ್ಲು. ಹಲವು ವರ್ಷದ ಸರಾಸರಿಯಲ್ಲಿ ದಿನದ ಏರಿಳಿತದ ತಪ್ಪುಗಳು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ. ನೆಲದ ಹೊಳಪಿನ ತಪ್ಪು ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಎರಡು ಊರುಗಳನ್ನು ಹೋಲಿಸುವುದಕ್ಕಿಂತ ಒಂದೇ ಊರನ್ನು ಅದರದೇ ಹತ್ತು ವರ್ಷದ ಹಿಂದಿನ ಸ್ಥಿತಿಗೆ ಹೋಲಿಸುವುದು ಗಟ್ಟಿ.

ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಕರ್ನಾಟಕದಿಂದ ಅದರಲ್ಲಿರುವುದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಅದರ ಪ್ರಗತಿಯನ್ನು ಎಣಿಸುವುದು ಮುಖ್ಯವಾಗಿ ಪಿಎಂ 10ರಲ್ಲಿ. ರಸ್ತೆ ದೂಳಿನಂಥ ದಪ್ಪ ಕಣ ಗ್ರಾಮಿಗೆ ತಡೆಯುವ ಬೆಳಕು ಒಂದು ಚದರ ಮೀಟರಿಗಿಂತಲೂ ಕಡಿಮೆ, ಹೊಗೆಯ ಕಣದ ಕಾಲುಭಾಗವೂ ಅಲ್ಲ. ಮೇಲಾಗಿ ಅದು ನೆಲ ಬಿಟ್ಟು ಬಹಳ ಮೇಲೇಳುವುದಿಲ್ಲ. ದಾವಣಗೆರೆಯಲ್ಲಿ ರಸ್ತೆ ಗುಡಿಸುವ ಯಂತ್ರ ಓಡಾಡಿ ಪಿಎಂ 10 ಇಳಿದರೂ ಉಪಗ್ರಹದ ನಕ್ಷೆ ಅಲುಗದೇ ಇರಬಹುದು. ಸುತ್ತಲ ಹೊಲಗಳ ಬೆಂಕಿ, ಕಾರ್ಖಾನೆಗಳ ಹೊಗೆ ಹೆಚ್ಚಿ ನಕ್ಷೆ ಕೆಂಪಾಗಿರುವಾಗಲೇ ಊರಿನ ಪಿಎಂ 10 ಅಂಕಿ ಸುಧಾರಣೆ ತೋರಿಸುತ್ತಿರಲೂಬಹುದು. ಎರಡನ್ನೂ ಒಂದೇ ಪುಟದಲ್ಲಿ ಹಾಕುವ ವರದಿಯಲ್ಲಿ ಯಾವ ಕಣ, ಯಾವ ಹೊತ್ತು, ವರ್ಷದಲ್ಲಿ ಎಷ್ಟು ದಿನದ ಅಳತೆ ಎಂಬ ಮೂರು ವಿವರಗಳು ಪ್ರತಿ ನಕ್ಷೆಯ ಕೆಳಗೂ ಇರಬೇಕು.